ಬೋಣಿಯಾಗದ ಬೆಳಗು

ಬಾಗಿಲು ತೆಗೆದಾಗಿನಿಂದ ಆ ಹೆಂಗಸು ಸೀರೆ ನೋಡುತ್ತಲೇ ಇದ್ದಳು. ಊರೂರಲ್ಲೂ ಶಾಖೆಯಿದ್ದ ಆ ಜವಳಿ ಮಳಿಗೆಗೆ ಈಗ ಒಬ್ಬ ಗಿರಾಕಿ ಬಂದರೆ ಅದೇ ಹಬ್ಬ. ಪದ್ಮಿನಿ ಬೇಸರಿಸದೆ ಒಂದೊಂದೇ ಸೀರೆ ಬಿಡಿಸಿ ಹಾಸಿದಳು.

"ಈ ಬಣ್ಣ ನಿಮಗೆ ಚೆನ್ನಾಗಿ ಒಪ್ಪುತ್ತೆ ಅಕ್ಕ. ನಿಮ್ಮ ಕೈಯಿಂದಲೇ ಬೋಣಿ ಆಗ್ಲಿ."

"ಇನ್ನೂ ದೊಡ್ಡ ಅಂಚಿಂದು ತೋರ್ಸಮ್ಮ."

ಪದ್ಮಿನಿ ಆಸೆಯಿಂದ ಮ್ಯಾನೇಜರನ ಕಡೆ ನೋಡಿದಳು. ಅವನು ಯಾಕೋ ಮುಖ ತಿರುಗಿಸಿಕೊಂಡ.

ಮಧ್ಯಾಹ್ನ ಹೆಂಗಸು ಏನೂ ಕೊಳ್ಳದೆ ಎದ್ದಳು. ಪದ್ಮಿನಿ ಅವಳನ್ನು ತಡೆದಳು.

"ಒಂದಾದ್ರೂ ತಗೊಳ್ಳಿ ಅಕ್ಕ. ವ್ಯಾಪಾರ ಇಲ್ಲ ಅಂದ್ರೆ ಈ ಶಾಖೇನೂ ಮುಚ್ಚಿಬಿಡ್ತಾರೆ."

ಹೆಂಗಸು ಮತ್ತೆ ಕೂತಳು. ಹರಡಿದ್ದ ಸೀರೆಗಳನ್ನು ತಾನೇ ಮಡಿಸತೊಡಗಿದಳು. ಸೆರಗು ಮೇಲೆ ಬರುವಂತೆ, ಅಂಚು ಕೂದಲೆಳೆಯಷ್ಟೂ ಜಾರದಂತೆ. ಕೆಲಸಕ್ಕೆ ಸೇರಿದಾಗ ಕಂಪನಿಯವರು ಪದ್ಮಿನಿಗೆ ಕಲಿಸಿದ್ದ ಅದೇ ಮಡಿಕೆ.

"ನೀವು... ಎಲ್ಲಿ ಕಲಿತ್ರಿ?"

"ರಾಮನಗರದ ನಮ್ಮ ಶಾಖೇಲಿ. ಹೋದ ತಿಂಗಳು ಮುಚ್ಚಿದ್ರು. ಅಂಗಡಿ ಖಾಲಿ ಕಾಣಬಾರ್ದು ಅಂತ ಈಗ ನಮ್ಮನ್ನ ಬೇರೆ ಶಾಖೆಗಳಲ್ಲಿ ಗಿರಾಕಿ ಥರ ಕೂರೋಕೆ ಕಳಿಸ್ತಾರೆ."

ಕೊನೆಯ ಸೀರೆಯನ್ನು ಪದ್ಮಿನಿಯ ಕೈಗಿಟ್ಟು ಹೆಂಗಸು ಮೆಲ್ಲಗೆ ಹೇಳಿದಳು:

"ನಾಳೆ ಇಲ್ಲಿಗೆ ಬರ್ಬೇಡ, ಇದೂ ಮುಚ್ಚುತ್ತೆ. ಒಳ್ಳೆ ಸೀರೆ ಉಟ್ಕೊಂಡು ಮಂಡ್ಯದ ಶಾಖೆಗೆ ಬಾ. ಇಬ್ರೂ ಒಟ್ಟಿಗೆ ಕೂರೋಣ."