ಲಿಫ್ಟಿಲ್ಲದ ಕೇಕ್ ಅಂಗಡಿ

ಮಂಡಿನೋವಿನವಳು ಇಷ್ಟು ಮೆಟ್ಟಿಲು ಹತ್ತಲಾರಳು. ಆದರೆ ಹಟ ಹಿಡಿದು ಬಂದೇಬಿಟ್ಟರೆ? ಪ್ರಿಂಟಿಂಗ್ ಪ್ರೆಸ್ಸಿನವರೆಲ್ಲ ಸೇರಿ ಸಿಹಿ ತಿನ್ನಲು ಹೋಗುವ ಅಂಗಡಿಯನ್ನು ಆರಿಸುವ ಕೆಲಸ ಅಲ್ಲಿ ಅಕ್ಷರ ಜೋಡಿಸುವ ಹುಡುಗನದಾಗಿತ್ತು. ನೆಲಮಹಡಿಯ ಅಂಗಡಿಗಳನ್ನೆಲ್ಲ ಬಿಟ್ಟು ಅವನು ಮೂರನೇ ಮಹಡಿಯ ಇದನ್ನು ಹಿಡಿದಿದ್ದ. ಮದುವೆಯ ಕಾರ್ಡಿನಲ್ಲಿ ಅವನು ‘ವಧು’ವನ್ನು ‘ವಧೆ’ ಮಾಡಿದ್ದನ್ನು ಕರಡು ತಿದ್ದುವ ಈ ಮಂಡಿನೋವಿನ ಅಕ್ಕ ಎಲ್ಲರೆದುರು ಗಟ್ಟಿಯಾಗಿ ಓದಿದ್ದಳು. ಅಂದಿನಿಂದ ಅವನ ಹೆಸರೇ ‘ವಧೆ’ ಆಗಿತ್ತು.

ಬಾಗಿಲಲ್ಲಿ ನಿಂತು ಬಗ್ಗಿ ನೋಡಿದ. ಅಕ್ಕ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು.

“ಬೋರ್ಡಲ್ಲಿ ಪೇಸ್ಟ್ರಿ ಅನ್ನೋದನ್ನ ತಪ್ಪು ಬರ್ದಿದಾರೆ ಕಣೋ,” ಎಂದಳು ಏದುಸಿರಿನಲ್ಲೇ. “ಹೋಗ್ಲಿ ಬಿಡು. ನಂಗೆ ಇಲ್ಲಿನ ನಿಂಬೆ ಕೇಕ್ ಅಂದ್ರೆ ಪ್ರಾಣ ಅಂತ ನೆನಪಿಟ್ಕೊಂಡಿದೀಯಲ್ಲ, ಹತ್ತದೆ ಇರೋಕಾಗುತ್ತಾ? ಆವತ್ತು ನಿನ್ನ ನಗೆಪಾಟಲು ಮಾಡ್ಬಿಟ್ಟೆ. ನಂಗೇ ನಿದ್ದೆ ಬರ್ಲಿಲ್ಲ ತಮ್ಮಾ.”

ಅವನು ಇಳಿದು ಹೋಗಿ ಕೈ ಚಾಚಿದ. ಅವಳು ತನ್ನ ಭಾರವನ್ನೆಲ್ಲ ಅವನ ಮೇಲೆ ಬಿಟ್ಟು ನಗುತ್ತಾ ಹತ್ತಿದಳು. ನಿಂಬೆ ಕೇಕಿನ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಮೆಟ್ಟಿಲು ನೋಡಿಯೇ ಈ ಅಂಗಡಿಯನ್ನು ಆರಿಸಿದ್ದೆನೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.