ಹಿಂದೆ ಬಿದ್ದ ಮೃದಂಗ

ಮನೆಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿದ ತಮ್ಮ ಕೀರ್ತನೆಯನ್ನು ಗಾಯಕಿಯೊಬ್ಬರು ಆಡಿಯೋ ಸಾಮಾನಿನ ಅಂಗಡಿಗೆ ಬಂದು, ಅಂಗಡಿಯವನಿಗೆ ತಮ್ಮ ಫೋನಿನಿಂದ ಕೇಳಿಸಿದರು.

“ಮೃದಂಗ ಪ್ರತಿ ಸಲ ಹಿಂದೆ ಬೀಳ್ತಿದೆ. ನುಡಿಸಿದವನು ಹೊಸಬ, ಆದ್ರೆ ಒಳ್ಳೇ ಕೈ. ಮೈಕ್ ಬದಲಾಯಿಸ್ಬೇಕಾ?”

“ನೀವು ಮೊದಲೇ ರೆಕಾರ್ಡ್ ಮಾಡಿಟ್ಟ ಹಾಡು ಕೇಳ್ಕೊಂಡು ನುಡಿಸಿದ್ದಾ ಮೇಡಂ? ಯಾವ ಹೆಡ್‌ಫೋನು?”

“ಬ್ಲೂಟೂತ್.”

“ಅದೇ ತೊಂದ್ರೆ. ಹಾಡು ಕಿವಿಗೆ ತಡವಾಗಿ ಬರುತ್ತೆ. ಎಷ್ಟೇ ಸರಿಯಾಗಿ ನುಡಿಸಿದ್ರೂ ಪೆಟ್ಟು ಹಿಂದೇನೇ ಬೀಳೋದು. ಮೈಕು, ಹೆಡ್‌ಫೋನು ಎರಡನ್ನೂ ಕಂಪ್ಯೂಟರಿಗೆ ಜೋಡಿಸೋ ಈ ಯುಎಸ್‌ಬಿ ಇಂಟರ್‌ಫೇಸ್ ತಗೊಳ್ಳಿ, ವೈರಿನ ಹೆಡ್‌ಫೋನ್ ಹಾಕಿ.”

ಗಾಯಕಿ ಅವನು ಮುಂದಿಟ್ಟ ಡಬ್ಬಿಯನ್ನು ಮುಟ್ಟಲಿಲ್ಲ.

“ಮೊದಲು ಇದೇ ಹೆಡ್‌ಫೋನ್ ಹಾಕ್ಕೊಂಡು ನಮ್ಮ ಯಜಮಾನ್ರೇ ನುಡಿಸ್ತಿದ್ರು. ಆಗ್ಲೂ ಹೀಗೇ ಹಿಂದೆ ಬೀಳ್ತಿತ್ತು. ‘ನಿಮ್ಮ ಕೈ ಸೋತಿದೆ’ ಅಂತ ನಾನೇ ಬಿಡಿಸ್ದೆ.”

“ಹಾಗಾದ್ರೆ ಇನ್ಮೇಲೆ ಅವರನ್ನೇ ಕೂರಿಸಿ ಮೇಡಂ.”

“ಪ್ರಾಣ ಬಿಡೋವಾಗ ನನ್ನ ಕೈ ಹಿಡ್ಕೊಂಡು, ‘ನಿನ್ನ ಹಾಡು ಕೆಡಿಸ್ಬಿಟ್ಟೆ, ಕ್ಷಮಿಸು ಕಣೇ’ ಅಂದ್ರು.”