ಒಣಗಿಸೋ ಮಿಷನ್ನಿನ ಬದಲು

ಬಾಡು ಅರೆಯುವ ಮಿಷನ್ನು ಬಂತು, ಕರುಳಿಗೆ ತುಂಬುವ ಮಿಷನ್ನೂ ಬಂತು. ಒಣಗಿಸುವ ಮಿಷನ್ನಿನ ಹತ್ತಿರ ಬಂದಾಗ ಮಾತ್ರ ರಮೇಶ್‌ಬಾಬುವಿನ ತಲೆ ಓಡಿತು. ಮೊಬೈಲಿನಲ್ಲಿ ಅದರ ಚಿತ್ರವನ್ನು ಎರಡು ಬೆರಳಿಂದ ಹಿಗ್ಗಿಸಿ, ಹೆಂಡತಿ ಪದ್ಮಶ್ರೀಯ ಮುಖದ ಮುಂದೆ ಹಿಡಿದ. "ಏನೈತೆ ಇದರಲ್ಲಿ? ಜಾಲರಿ ತಟ್ಟೆ, ಹಿಂದೊಂದು ಫ್ಯಾನು. ಚಂದ್ರಂಕಿ ಮುಂದೆ ಫ್ಯಾನ್ ಇಟ್ರೆ ಇದೇ ಆಗೋಯ್ತಲ್ಲೇ!"

ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿಡುವ, ಸುರುಳಿ ಸುರುಳಿ ಬಿದಿರುಪಟ್ಟಿಯ ಆಳೆತ್ತರದ ಚಾಪೆಗೆ ಸಾದಲಿಯಲ್ಲಿ ಚಂದ್ರಂಕಿ ಅನ್ನುತ್ತಾರೆ. ಹುಳ ಬಿಟ್ಟು ಬೇರೇನನ್ನೂ ಅದರ ಮೇಲೆ ಯಾರೂ ಮಲಗಿಸಿದ್ದಿಲ್ಲ. ಆದರೆ ರಮೇಶ್‌ಬಾಬುವಿಗೆ ಯೋಚಿಸುತ್ತ ಕೂರಲು ಪುರುಸೊತ್ತಿರಲಿಲ್ಲ. ಗೌರಿಬಿದನೂರಿನ ಫ್ಯಾಕ್ಟರಿ ಕೆಲಸ ಬಿಟ್ಟಾಗಿತ್ತು. ಸಾಸೇಜೂ ಬಾಡಿನ ಕಡ್ಡಿಯೂ ಮಾಡಿ ಮಾರುತ್ತೇನೆಂದು ಊರಿಗೆಲ್ಲ ಹೇಳಿಯೂ ಆಗಿತ್ತು. ನಂದಿಯಲ್ಲಿ ರೆಸಾರ್ಟ್ ನಡೆಸುವ ಮೋಹನ್‌ಬಾಬು ಭಾನುವಾರ ರುಚಿ ನೋಡಲು ಬರುವವನಿದ್ದ. ಅವನು ಒಪ್ಪಿದರೆ ಸರಿ. ಇಲ್ಲದಿದ್ದರೆ ಚಿಂತಾಮಣಿಯ ಟೊಮ್ಯಾಟೊ ಮಂಡಿಯಲ್ಲಿ ಭಾವಮೈದುನನ ಕೈಕೆಳಗೆ ಕ್ರೇಟು ಎತ್ತುವುದು. ಆ ಭಾವಮೈದುನ ಈಗಲೇ ಫೋನು ಮಾಡಿ, ಏನೂ ಮಾತಾಡದೆ ನಕ್ಕು, ಇಟ್ಟುಬಿಡುತ್ತಿದ್ದ.

ಪಕ್ಕದ ಮನೆಯ ಅಕ್ಕಯ್ಯಮ್ಮ ಹುಳ ಸಾಕುತ್ತಲೇ ಮುದುಕಿಯಾದವಳು. ಗೋಡೆಗೆ ಒರಗಿಸಿದ್ದ ಚಂದ್ರಂಕಿಯನ್ನು ಅವಳು ಸುಲಭಕ್ಕೆ ಕೊಡಲಿಲ್ಲ.

"ಏಮಪ್ಪಾ, ಏನ್ ಮಲಗಿಸ್ತೀಯ ಇದರ ಮ್ಯಾಲೆ?"

"ಬಾಡಿನ ಕಡ್ಡಿ ಕಣಜ್ಜಿ. ಮಸಾಲೆ ಹಾಕಿ ಅರೆದು, ಬೆರಳುದ್ದ ಮಾಡಿರೋದು."

"ಹಣ್ಣುಳಾನೂ ಬೆರಳುದ್ದಾನೇ ಇರ್ತದೆ. ಚಂದ್ರಂಕಿಗೇನು ಕಣ್ಣೈತಾ? ಮಲಗಿಸಿದ್ದೆಲ್ಲಾ ಹುಳ ಅಂದ್ಕೊಂತದೆ. ಯುಗಾದಿ ಟೈಮಲ್ಲಿ ನನ್ನ ಕನ್ನಡಕ ಅದರ ಮ್ಯಾಲೆ ಮರ್ತುಬಿಟ್ಟಿದ್ದೆ. ಬೆಳಿಗ್ಗೆ ನೋಡಿದ್ರೆ ಎಳೆ ಸುತ್ತಿತ್ತು."

"ಯಾವುದೋ ಹುಳ ಸುತ್ತಿರ್ತದೆ ಬಿಡಜ್ಜಿ."

"ಆವಾಗ ಹುಳ ಇರ್ಲಿಲ್ಲಪ್ಪ ಮನೇಲಿ," ಎಂದಳು ಅಕ್ಕಯ್ಯಮ್ಮ, ಮಳೆ ಬರಲಿಲ್ಲ ಅನ್ನುವಷ್ಟೇ ಸಲೀಸಾಗಿ. ಆಮೇಲೆ ಚಂದ್ರಂಕಿಯನ್ನು ಕೊಟ್ಟಳು.

ಶೆಡ್ಡಿನಲ್ಲಿ ಕಡ್ಡಿಗಳನ್ನು ಸಾಲಾಗಿ, ಸ್ಕೇಲಿಟ್ಟಂತೆ ನೆಟ್ಟಗೆ ಜೋಡಿಸಿ ಫ್ಯಾನು ಹಾಕಿದ್ದಾಯಿತು. ಶನಿವಾರ ಮಧ್ಯಾಹ್ನ ಪದ್ಮಶ್ರೀ ಹೋಗಿ ನೋಡಿದರೆ ಒಂದೊಂದು ಕಡ್ಡಿಯೂ ಬಿದಿರಿನ ಸುರುಳಿಯೊಳಕ್ಕೆ ತಿರುಗಿ, ಬೆನ್ನು ಬಾಗಿಸಿ ಮಲಗಿತ್ತು. ಮುಟ್ಟಿದರೆ ಬೆಚ್ಚಗಿತ್ತು.

"ಮಗೂಗೆ ಜ್ವರ ಬಂದಂಗಿದೆ ರೀ," ಎಂದಳು.

"ಒಣಗ್ತಾ ಬಾಗ್ತವೆ ಕಣೇ. ಫ್ಯಾನ್ ಮೋಟರು ಬಿಸಿಯಾಗಿ ಬಿಸಿಗಾಳಿ ಬರ್ತಿದೆ." ಅಷ್ಟು ಹೇಳಿ ಅವನು ಶೆಡ್ಡಿನ ಬಾಗಿಲು ಎಳೆದುಕೊಂಡ. ಕರೆಂಟು ಬೆಳಿಗ್ಗೆಯೇ ಹೋಗಿತ್ತು ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಚಂದ್ರಂಕಿಯ ತುಂಬ ಗೂಡು. ಬಿಳಿಯದ್ದಲ್ಲ, ಹಳದಿಯದ್ದಲ್ಲ, ಕೊಳೆಯಾದ ಕಂಬಳಿಯ ಬಣ್ಣದ, ಮುಷ್ಟಿಗಾತ್ರದ ಗೂಡುಗಳು. ಪದ್ಮಶ್ರೀ ಒಂದನ್ನು ಕಿತ್ತು, ಎಳೆಯನ್ನು ಬೆರಳ ಸಂದಿಯಲ್ಲಿ ಹೊಸೆದು ನೋಡಿದಳು. "ರೇಷ್ಮೆ ಅಲ್ಲ ಕಣ್ರೀ. ಉಣ್ಣೆ."

"ಬಾಡು ಕುರೀದಲ್ವಾ? ಇನ್ನೇನು ಸುತ್ತೀತು?" ಬಾಗಿಲಲ್ಲಿ ಅಕ್ಕಯ್ಯಮ್ಮ ನಿಂತಿದ್ದಳು. "ನೋಡ್ತಾ ನಿಂತ್ಕೋಬೇಡ. ಹಂಡೇಲಿ ನೀರು ಕಾಯಕ್ಕಿಡು. ಒಳಗಿರೋದು ಏಳೋಕ್ಕೆ ಮುಂಚೇನೇ ಬೇಯಿಸಬೇಕು."

ಅಷ್ಟರಲ್ಲಿ ಗೇಟಿನ ಹತ್ತಿರ ಕಾರು ಹಾರನ್ ಹೊಡೆಯಿತು. ಭಾವಮೈದುನನ ನಗು ನೆನಪಾದದ್ದೇ ತಡ, ರಮೇಶ್‌ಬಾಬು ಹಂಡೆಯನ್ನು ಮರೆತು ಗೇಟಿಗೆ ಓಡಿದ.

ಶೆಡ್ಡಿನೊಳಗೆ ಬಂದ ಮೋಹನ್‌ಬಾಬು ಗೂಡುಗಳನ್ನು ನೋಡಿ ಬಾಯಿ ತೆರೆದ. "ಏನ್ ಪ್ಯಾಕಿಂಗ್ ರೀ ಇದು! ಯಾರ್ರೀ ಮಾಡಿದ್ದು?"

"ಇಲ್ಲೇ, ನಮ್ಮ ಊರಲ್ಲೇ ಸಾರ್," ಎಂದ ರಮೇಶ್‌ಬಾಬು. ಸುಳ್ಳೇನಲ್ಲ.

ಕತ್ತರಿಯಿಂದ ಒಂದು ಗೂಡು ಸೀಳಿಕೊಟ್ಟ. ಒಳಗೆ ಕಡ್ಡಿ ಕಂದಗೆ, ಹದವಾಗಿ ಒಣಗಿ, ಮುದುರಿಕೊಂಡು ಮಲಗಿತ್ತು.

"ಹಾಗೇ ತಿನ್ನೋದಲ್ವಾ ಇದು?" ಮೋಹನ್‌ಬಾಬು ಕೇಳಿದ.

"ಬೇಯಿಸ್ದೆ ಕೊಡಬೇಡ ಕಣೋ," ಎಂದಳು ಅಕ್ಕಯ್ಯಮ್ಮ ಹಿಂದಿನಿಂದ, ಮೆಲ್ಲಗೆ.

ರಮೇಶ್‌ಬಾಬು ಅವಳ ಕಡೆ ತಿರುಗಲಿಲ್ಲ. "ಹ್ಞೂ ಸಾರ್, ಹಾಗೇ."

ಮೋಹನ್‌ಬಾಬು ಅಗಿದ, ನುಂಗಿದ, ಬೆರಳು ನೆಕ್ಕಿದ. "ಇರೋದೆಲ್ಲಾ ನನಗೇ ಬೇಕು. ಪ್ರತಿ ವಾರ ಬೇಕು. ಬೇರೆ ಯಾರಿಗೂ ಕೊಡಂಗಿಲ್ಲ." ರಮೇಶ್‌ಬಾಬುವಿಗೆ ಕಾಲು ನೆಲಕ್ಕೆ ತಾಗಿದಂತೆ ಅನಿಸಲಿಲ್ಲ. ಪದ್ಮಶ್ರೀ ಕೂಡ ನಕ್ಕುಬಿಟ್ಟಳು.

ಮೋಹನ್‌ಬಾಬುವಿನ ಅಪ್ಪ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಬದುಕು ಸವೆಸಿದವನು. ಗೂಡು ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳುವ ಅಲ್ಲಿನ ಅಭ್ಯಾಸ ಮಗನ ಕೈಯಲ್ಲೂ ಉಳಿದಿತ್ತು. ಇನ್ನೊಂದು ಗೂಡನ್ನು ಕಿತ್ತು, ಕಿವಿಯ ಹತ್ತಿರ ಹಿಡಿದು, ಸುಮ್ಮನೆ ಅಲ್ಲಾಡಿಸಿದ.

"ಮ್ಯಾ…" ಎಂದಿತು ಗೂಡು. ಎಳೆಯಷ್ಟೇ ತೆಳ್ಳಗಿನ ದನಿ.

ಎಲ್ಲರ ಕಣ್ಣೂ ಚಂದ್ರಂಕಿಯ ಮೇಲೆ. ಅಲ್ಲಿಂದ ಸದ್ದಿಲ್ಲ. ಆ ಕೂಗಿಗೆ ಉತ್ತರ ಬಂದದ್ದು ಮೋಹನ್‌ಬಾಬುವಿನ ಅಂಗಿಯ ಒಳಗಿಂದ, ಹೊಟ್ಟೆಯ ಬಲಮಗ್ಗುಲಿಂದ.

ಅಕ್ಕಯ್ಯಮ್ಮ ನಿಟ್ಟುಸಿರು ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎದ್ದುಬಿಟ್ಟೈತೆ ಪಾಪ. ಪದ್ಮಾ, ಸಾರ್‌ಗೆ ಒಂದು ಹಿಡಿ ಸೊಪ್ಪು ತಗೊಂಡು ಬಾರಮ್ಮ."